ರಾತ್ರಿ ಖಾಲಿಯಾಗುವ ಚಕ್ಕುಲಿ ಡಬ್ಬ

ಓದುಗರ ಪತ್ರ: ಮೇಡಂ, ನಾನು ಡಿಗ್ರಿ ಎರಡನೇ ವರ್ಷ, ಹಾಸ್ಟೆಲ್‌ನಲ್ಲಿದ್ದೇನೆ. ಅಕ್ಕನ ಮದುವೆಯಲ್ಲಿ ಅತ್ತೆಯೊಬ್ಬರು ಎಲ್ಲರೆದುರು "ಎಷ್ಟು ದಪ್ಪ ಆಗಿದ್ದೀಯೇ" ಅಂದರು. ಅವತ್ತಿನಿಂದ ತಿಂಡಿ, ಅನ್ನ ಎರಡೂ ಬಿಟ್ಟೆ. ಹಗಲೆಲ್ಲ ತಡೆದುಕೊಳ್ಳುತ್ತೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮನೆಯಿಂದ ತಂದ ಚಕ್ಕುಲಿ ಡಬ್ಬ ಖಾಲಿ ಮಾಡಿ ಅಳುತ್ತೇನೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ಹಸಿವಾದಾಗ ತಿನ್ನಿ, ಸಾಕೆನಿಸಿದಾಗ ನಿಲ್ಲಿಸಿ ಅನ್ನುವ 'ಇಂಟ್ಯೂಟಿವ್ ಈಟಿಂಗ್' ನನ್ನಂಥ ಬಾಯಿ ಚಪಲದವಳಿಗೆ ಆಗುತ್ತಾ?
– ಹೆಸರು ಬೇಡ, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಕಾಗದ ಎರಡು ಸಲ ಓದಿದೆ. ನೀವು ಬಾಯಿ ಚಪಲ ಅಂದಿದ್ದನ್ನು ನಾನು ಹಸಿವು ಅನ್ನುತ್ತೇನೆ. ಯಾಕೆ ಅಂತ ಹೇಳುತ್ತೇನೆ.

1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಶುರು ಮಾಡಿದರು. ಯುದ್ಧದಲ್ಲಿ ಹಸಿದು ಬಡಕಲಾದವರಿಗೆ ಮತ್ತೆ ಊಟ ಕೊಡುವುದು ಹೇಗೆ ಅಂತ ತಿಳಿಯಬೇಕಿತ್ತು. 36 ಯುವಕರು ತಾವಾಗಿಯೇ ಬಂದರು. ಕೊಲ್ಲುವುದು ತಪ್ಪು ಅಂತ ಯುದ್ಧಕ್ಕೆ ಹೋಗಲೊಪ್ಪದೆ ನಿಂತ ಗಟ್ಟಿ ಮನಸ್ಸಿನವರು ಅವರು. ಅವರಿಗೆ 24 ವಾರ ಅರೆಹೊಟ್ಟೆ ಊಟ. ಆಮೇಲೆ ನೋಡಿದರೆ ಅವರಿಗೆ ಹಗಲೂ ರಾತ್ರಿ ಊಟದ್ದೇ ಯೋಚನೆ. ತಟ್ಟೆ ನೆಕ್ಕುತ್ತಿದ್ದರು. ಅಡುಗೆ ಪುಸ್ತಕ ಕೂಡಿಟ್ಟುಕೊಂಡು ಓದುತ್ತಿದ್ದರು. ಪ್ರಯೋಗ ಮುಗಿದು ಬೇಕಾದಷ್ಟು ಸಿಕ್ಕ ಮೇಲೂ ಕೆಲವರಿಗೆ ಎಷ್ಟು ತಿಂದರೂ ಸಾಲದು. ಅಂಥವರಿಗೇ ಹಾಗಾಯಿತು. ಇಡೀ ದಿನ ಉಪವಾಸವಿದ್ದ ನಿಮ್ಮ ಕೈ ರಾತ್ರಿ ಡಬ್ಬಕ್ಕೆ ಹೋಗದೆ ಇನ್ನೇನು ಮಾಡುತ್ತೆ ಹೇಳಿ?

ಇಂಟ್ಯೂಟಿವ್ ಈಟಿಂಗ್ ಅನ್ನುವ ಪದ್ಧತಿಯನ್ನು 1995ರಲ್ಲಿ ಮುಂದಿಟ್ಟವರು ಅಮೆರಿಕದ ಇಬ್ಬರು ಡಯಟೀಷಿಯನ್‌ಗಳು. ಡಯಟ್ ಬಿಡಿ ಅನ್ನುವುದೇ ಅವರ ಮೊದಲ ಮಾತು. ಪಂಕ್ತಿಯಲ್ಲಿ ಎಲೆಗೆ ಅಡ್ಡ ಕೈ ಹಿಡಿದು 'ಸಾಕು' ಅನ್ನುತ್ತೇವಲ್ಲ, ಆ ಸಾಕು ಒಳಗಿಂದಲೇ ಬರಬೇಕು. ನಿಮಗೂ ಬರುತ್ತೆ, ಆದರೆ ಈಗಲೇ ಕಾಯಬೇಡಿ. ಇಷ್ಟು ದಿನ ಹಸಿವನ್ನು ಒತ್ತಿಟ್ಟಿದ್ದೀರಿ, ಅದರ ಲೆಕ್ಕ ತಪ್ಪಿದೆ. ಸದ್ಯಕ್ಕೆ ಹೊತ್ತು ನೋಡಿ ತಿನ್ನಿ. ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ಉಪ್ಪಿಟ್ಟೋ ಚಿತ್ರಾನ್ನವೋ, ಇದ್ದದ್ದನ್ನು ಬಡಿಸಿಕೊಳ್ಳಿ. ಮಧ್ಯಾಹ್ನ ಅನ್ನ, ಸಾರು, ಪಲ್ಯ. ಸಂಜೆ ಅದೇ ಚಕ್ಕುಲಿ, ಗೆಳತಿಯರ ಜೊತೆ, ಬೆಳಕಿನಲ್ಲಿ ಕೂತು.

ಮುಟ್ಟು ನಿಂತಿದ್ದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಊಟ ಕಡಿಮೆಯಾಗಿದ್ದಕ್ಕೂ ಇರಬಹುದು, ಥೈರಾಯ್ಡ್, ಪಿಸಿಓಡಿ ಅನ್ನುವ ಅಂಡಾಶಯದ ತೊಂದರೆಯೂ ಇರಬಹುದು. ಈ ವಾರವೇ ಡಾಕ್ಟರ ಹತ್ತಿರ ಹೋಗಿ. ಊಟ ಬಿಟ್ಟ ವಿಷಯ ಮುಚ್ಚಿಡಬೇಡಿ. ರಕ್ತ ಪರೀಕ್ಷೆಯನ್ನೂ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ ಇತ್ತು. ಅಂಥ ದೇಶದಲ್ಲಿ ಹುಡುಗಿಯರು ತಟ್ಟೆ ದೂರ ತಳ್ಳುತ್ತಿದ್ದಾರೆ ಅಂದರೆ ಹೊಟ್ಟೆ ಉರಿಯುತ್ತೆ. ರಾತ್ರಿ ಅಳು ಬಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟ ಕೇಳುವ ಸರ್ಕಾರದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಅತ್ತೆಯ ಮಾತು. ಹುಡುಗಿಯರ ಮೈ ನೋಡಿ ಮಾತಾಡುವುದನ್ನೇ ನಾವು ಕುಶಲ ವಿಚಾರಿಸುವುದು ಅಂದುಕೊಂಡುಬಿಟ್ಟಿದ್ದೇವೆ. ನಾನೂ ಅಂಥ ಮಾತು ಆಡಿದ್ದೇನೆ. ನಿಮ್ಮ ಕಾಗದ ಓದಿದ ಮೇಲೆ ಬಹಳ ಬೇಜಾರಾಯಿತು, ಇನ್ನು ಆಡುವುದಿಲ್ಲ.

ಮುಂದಿನ ತಿಂಗಳು ಮತ್ತೆ ಬರೆಯಿರಿ. ತೂಕ ಎಷ್ಟು ಅಂತ ಬೇಡ. ಡಾಕ್ಟರು ಏನಂದರು, ಬೆಳಿಗ್ಗೆ ತಿಂಡಿಗೆ ಏನಿತ್ತು, ಅಷ್ಟು ಬರೆಯಿರಿ.