4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್‌ಗೆ 8 ಜಿಬಿ ಹಾಕಿಸಿದರೆ ಪ್ರಯೋಜನವಿದೆಯೇ?

ನಿಮ್ಮ ಪ್ರಶ್ನೆ ಹೀಗಿದೆ: ಸಕಲೇಶಪುರದ ಬಳಿ ತೋಟ, 2019ರಲ್ಲಿ ಕೊಂಡ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ವಿಂಡೋಸ್ 10. ತೋಟದ ಲೆಕ್ಕದ ಎಕ್ಸೆಲ್ ಜೊತೆಗೆ ಕ್ರೋಮ್ ತೆರೆದರೆ ಎಲ್ಲವೂ ನಿಂತುಹೋಗುತ್ತದೆ. ಹಾಸನದ ಅಂಗಡಿಯೊಂದರಲ್ಲಿ "ಹಳೆಯ ರ‍್ಯಾಮ್ ಕೊಟ್ಟುಬಿಡಿ, 8 ಜಿಬಿ ಹಾಕಿಕೊಡುತ್ತೇವೆ" ಎಂದಿದ್ದಾರೆ. ಒಪ್ಪಬೇಕೇ, ಅಥವಾ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಂದ ತಂದು ನೀವೇ ಹಾಕಿಕೊಳ್ಳಬಹುದೇ?

ಹಾಸನದಲ್ಲೇ ಕೆಲವು ವರ್ಷ ಲ್ಯಾಪ್‌ಟಾಪ್ ರಿಪೇರಿ ಮಾಡಿಕೊಂಡಿದ್ದವನು ನಾನು. ರ‍್ಯಾಮ್ ಹೆಚ್ಚಿಸಿ, ಆದರೆ ಹಳೆಯದನ್ನು ಕೊಡಬೇಡಿ ಎನ್ನುವುದು ನನ್ನ ಸಲಹೆ. ಅದಕ್ಕೂ ಮೊದಲು, ದೋಷ ನಿಜವಾಗಿ ರ‍್ಯಾಮಿನದೇ ಎಂದು ಖಚಿತಪಡಿಸಿಕೊಳ್ಳಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಂತ್ರ ನಿಧಾನವಾಗಿರುವ ಹೊತ್ತಿನಲ್ಲೇ ಅದನ್ನು ನೋಡಬೇಕು. ಆಗಷ್ಟೇ ಆನ್ ಮಾಡಿ ನೋಡಿದರೆ ಎಲ್ಲವೂ ಸಾಧುವಾಗಿಯೇ ಕಾಣುತ್ತದೆ. ಅಲ್ಲಿ ಮೆಮೊರಿ (ಅಂದರೆ ರ‍್ಯಾಮ್) ಶೇಕಡಾ 90ರ ಮೇಲೆ, ಡಿಸ್ಕ್ ಶೇಕಡಾ 100 ಎರಡೂ ಒಟ್ಟಿಗೆ ಕಂಡರೆ ಅನೇಕರು ಡಿಸ್ಕನ್ನು ಬೈಯುತ್ತಾರೆ. ಕಣ ಚಿಕ್ಕದಾದರೆ ಒಣಗುತ್ತಿರುವ ಕಾಫಿಯನ್ನೇ ಮತ್ತೆ ಮೂಟೆ ಕಟ್ಟಿ ಗೋಡೌನಿಗೆ ಹೊತ್ತು, ಇನ್ನೊಂದಷ್ಟನ್ನು ತಂದು ಹರಡಬೇಕಾಗುತ್ತದಲ್ಲ, ಅದೇ ಇಲ್ಲಿಯೂ ನಡೆಯುವುದು. ರ‍್ಯಾಮ್ ತುಂಬಿದಾಗ ವಿಂಡೋಸ್ ಅದರಲ್ಲಿರುವುದನ್ನು ಡಿಸ್ಕಿಗೆ ಬರೆದು, ಬೇಕಾದಾಗ ಮತ್ತೆ ಓದುತ್ತದೆ. ಡಿಸ್ಕಿನ ಓಡಾಟಕ್ಕೆ ರ‍್ಯಾಮಿನ ಇಕ್ಕಟ್ಟೇ ಕಾರಣ. ಮೆಮೊರಿ ಅರ್ಧ ಖಾಲಿಯಿದ್ದೂ ಡಿಸ್ಕ್ 100 ತೋರಿಸುತ್ತಿದ್ದರೆ ಮಾತು ಬೇರೆ: ಆಗ ರ‍್ಯಾಮಿಗೆ ಒಂದು ರೂಪಾಯಿಯನ್ನೂ ಹಾಕದೆ, ತಿರುಗುವ ಹಾರ್ಡ್ ಡಿಸ್ಕ್ ತೆಗೆಸಿ, ಚಿಪ್ಪುಗಳಲ್ಲಿ ಬರೆದಿಡುವ ವೇಗದ ಎಸ್‌ಎಸ್‌ಡಿ ಹಾಕಿಸಿ. ನಿಮ್ಮ ವಿವರಣೆ ನೋಡಿದರೆ ರ‍್ಯಾಮೇ ಸಾಲದಾಗಿದೆ ಅನಿಸುತ್ತದೆ. 4 ಜಿಬಿಯಲ್ಲಿ ಗ್ರಾಫಿಕ್ಸ್ ತನ್ನ ಪಾಲು ತೆಗೆದುಕೊಂಡು, ವಿಂಡೋಸ್ ತಾನೂ ಕುಳಿತ ಮೇಲೆ ಕ್ರೋಮಿಗೆ ಉಳಿಯುವುದು ಅಷ್ಟಕ್ಕಷ್ಟೆ.

ಈಗ ಆ "ಹಳೆಯದು ಕೊಟ್ಟುಬಿಡಿ" ಎಂಬ ಮಾತಿಗೆ ಬರೋಣ. ಆ ಕಾಲದ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಮೂರು ಬಗೆ: ರ‍್ಯಾಮ್ ಕೂರಿಸುವ ಸ್ಲಾಟ್ ಎರಡಿದ್ದು ಒಂದು ಖಾಲಿ, 4 ಜಿಬಿಯನ್ನು ಬೋರ್ಡಿಗೇ ಬೆಸುಗೆ ಹಾಕಿ ಪಕ್ಕದಲ್ಲಿ ಒಂದು ಸ್ಲಾಟ್, ಒಂದೇ ಸ್ಲಾಟ್. ಮೊದಲನೆಯದರಲ್ಲಿ ಇರುವ ಸ್ಟಿಕ್ (ರ‍್ಯಾಮಿನ ಪಟ್ಟಿ) ಇದ್ದಲ್ಲೇ ಇರಲಿ, ಖಾಲಿ ಸ್ಲಾಟಿಗೆ 8 ಹಾಕಿಸಿದರೆ ಒಟ್ಟು 12. ಎರಡನೆಯದರಲ್ಲಿ ಹಳೆಯದನ್ನು ಕಿತ್ತು ಕೊಡಲು ಸಾಧ್ಯವೇ ಇಲ್ಲ! ಮೂರನೆಯದರಲ್ಲಿ ಮಾತ್ರ ಬದಲಿಸುವುದು ಅನಿವಾರ್ಯ, ಆಗಲೂ ಹಳೆಯದಕ್ಕೆ ಬೆಲೆ ಕಟ್ಟಿಸಿ. 2025ರ ಕೊನೆಯಿಂದ ಜಗತ್ತಿನಾದ್ಯಂತ ಮೆಮೊರಿ ಬೆಲೆ ಏರಿದೆ, ಚಿಪ್ ತಯಾರಕರ ಗಮನ ಎಐ ಡೇಟಾ ಸೆಂಟರ್‌ಗಳ ಕಡೆ ಹೊರಳಿದೆ. ಅಂಗಡಿಯವರಿಗೆ ಇದು ಗೊತ್ತಿರುತ್ತದೆ. 4 ಮತ್ತು 8 ಬೆರೆಸಬಾರದು ಎನ್ನುವವರಿಗೆ ಕಿವಿಗೊಡಬೇಡಿ. ಅಳತೆ ಬೇರೆಯಾದರೂ ಕೆಲಸ ನಡೆಯುತ್ತದೆ.

ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎರಡು ಸ್ಲಾಟ್‌ಗಳಲ್ಲಿ ಒಂದು ಬಳಕೆಯಲ್ಲಿದೆ ಎಂಬ ಸಾಲು ಕಾಣಬಹುದು. ಅದನ್ನು ಪೂರ್ತಿ ನಂಬಬೇಡಿ, ಬೆಸುಗೆ ಹಾಕಿದ ಚಿಪ್ಪುಗಳನ್ನೂ ಅದು ಸ್ಲಾಟ್ ಎಂದೇ ಎಣಿಸುವುದುಂಟು. ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿ ಸಿಕ್ಕರೆ ಸ್ಲಾಟ್ ಎಷ್ಟು, ಗರಿಷ್ಠ ಎಷ್ಟು ಜಿಬಿ ಎಲ್ಲವೂ ಅದರಲ್ಲಿರುತ್ತದೆ. ರ‍್ಯಾಮಿನ ಪೀಳಿಗೆಗಳಲ್ಲಿ 2019ರದ್ದಾದರೆ ಬಹುತೇಕ ಡಿಡಿಆರ್4. ಡಿಡಿಆರ್3ರ ಸ್ಟಿಕ್‌ಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಕಚ್ಚಿನ ಜಾಗವೂ ಬೇರೆ, ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಹೆಚ್ಚು ವೇಗದ ಸ್ಟಿಕ್‌ಗೆ ಹೆಚ್ಚು ದುಡ್ಡು ಕೊಡಬೇಡಿ: 3200ರದ್ದನ್ನು ಹಾಕಿದರೂ ಬೋರ್ಡ್ 2400ರದ್ದಾದರೆ ಅದು 2400ರಲ್ಲೇ ಓಡುತ್ತದೆ.

ಒಂದು ಎಚ್ಚರಿಕೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಪ್ರೊಸೆಸರ್ ಇಂಟೆಲ್ 8ನೇ ಪೀಳಿಗೆಯದಾದರೆ ವಿಂಡೋಸ್ 11ಕ್ಕೆ ಹೋಗಬಹುದು, ಖರ್ಚು ಮಾಡಿದ್ದಕ್ಕೆ ಅರ್ಥವಿದೆ. 7ನೇ ಪೀಳಿಗೆಯದಾದರೆ (2019ರಲ್ಲೂ ಅವು ಮಾರಾಟವಾಗುತ್ತಿದ್ದವು) ನಾನಾಗಿದ್ದರೆ ಹೊಸ ಸ್ಟಿಕ್ ಕೊಳ್ಳದೆ, ಬಳಸಿದ್ದು ಎಲ್ಲಾದರೂ ಅಗ್ಗಕ್ಕೆ ಸಿಕ್ಕರೆ ಹಾಕುತ್ತಿದ್ದೆ.

ಎಸ್.ಪಿ. ರಸ್ತೆಗೆ ಹೋಗುವುದು ಬೇಡ. ಉಳಿಸುವ ನಾಲ್ಕು ಕಾಸು ಪ್ರಯಾಣಕ್ಕೇ ಹೋಗುತ್ತದೆ, ಸ್ಟಿಕ್ ಹೊಂದದಿದ್ದರೆ ಬದಲಿಸಲು ಮತ್ತೆ ಹೋಗಬೇಕು. ಹಾಸನದಲ್ಲೇ ಬಿಲ್ ಮತ್ತು ವಾರಂಟಿ ಕೊಡುವ ಅಂಗಡಿಯಲ್ಲಿ ಕೊಳ್ಳಿ. ನಿಮ್ಮೆದುರಿಗೇ ಬಿಚ್ಚಿ ಹಾಕಲಿ.

ನೀವೇ ಹಾಕುವುದಾದರೆ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ತಳದ ಸ್ಕ್ರೂಗಳನ್ನು ಬಿಚ್ಚಿ. ಒಂದೆರಡು ರಬ್ಬರ್ ಪಾದಗಳ ಕೆಳಗೂ ಅಡಗಿರುತ್ತವೆ. ಮುಚ್ಚಳ ತೆಗೆದೊಡನೆ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಮಲೆನಾಡಿನ ಲ್ಯಾಪ್‌ಟಾಪ್‌ಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಮಳೆಗಾಲದ ತೇವಕ್ಕೆ ಮಂಕಾದ ಚಿನ್ನದ ಬಣ್ಣದ ಪಿನ್‌ಗಳು. ಯಂತ್ರ ಆನ್ ಆಗುತ್ತದೆ, ಪರದೆ ಮಾತ್ರ ಕಪ್ಪು. "ಬೋರ್ಡ್ ಹೋಗಿದೆ" ಎಂದು ಹೇಳಿಸಿಕೊಂಡು ಬಂದ ಎಷ್ಟೋ ಯಂತ್ರಗಳು ರ‍್ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿದ ಮೇಲೆ ಎದ್ದು ಕುಳಿತಿವೆ. ಹಳೆಯ ಸ್ಟಿಕ್ ಸ್ಲಾಟಿನಲ್ಲಿದ್ದರೆ ಅದನ್ನೂ ಹೊರತೆಗೆದು ಹೀಗೆ ಒರೆಸಿ, ಪುಡಿಯನ್ನು ಚೆನ್ನಾಗಿ ಜಾಡಿಸಿ. ಹೊಸದನ್ನು ಅಂಚಿನಲ್ಲಿ ಹಿಡಿದು ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಎರಡೂ ಬದಿಯ ಕೊಕ್ಕೆ ಕಚ್ಚುವವರೆಗೆ ಕೆಳಕ್ಕೆ ಒತ್ತಿ.

ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿರಬಹುದು, ಗಾಬರಿಯಾಗಿ ಆಫ್ ಮಾಡಬೇಡಿ. ವಿಂಡೋಸ್ ಬಂದ ಮೇಲೂ 4 ಎಂದೇ ತೋರಿಸಿದರೆ ಸ್ಟಿಕ್ ಸರಿಯಾಗಿ ಕೂತಿರಲಿಕ್ಕಿಲ್ಲ. ಬ್ಯಾಟರಿ ಬಿಡಿಸಿ, ತೆಗೆದು, ಮತ್ತೆ ಕೂರಿಸಿ. ಆಗಲೂ ಕಾಣದಿದ್ದರೆ ಬಿಲ್ ಹಿಡಿದುಕೊಂಡು ಅಂಗಡಿಗೆ ಹೋಗಿ.