ಕೇಳಿ, ಹೇಳ್ತೀನಿ: ಪಾಯಿಂಟ್ ಟೂ ಟೂ ಪಿಸ್ತೂಲಿನ ಹುಚ್ಚು

ಹೋದ ಸಂಚಿಕೇಲಿ ಭಾನುವಾರ ಬೆಳಿಗ್ಗೆ ಏನ್ ಮಾಡ್ತೀರಿ ಅಂತ ಯಾರೋ ಕೇಳಿದ್ದಕ್ಕೆ ರೇಂಜಿಗೆ ಹೋಗಿ .22 ಪಿಸ್ತೂಲಲ್ಲಿ (ಸುಮಾರು 0.22 ಇಂಚು ದಪ್ಪದ ಸಣ್ಣ ಗುಂಡಿಂದು) ಗುರಿ ಹೊಡೀತೀನಿ ಅಂತ ಒಂದೇ ಸಾಲು ಬರೆದಿದ್ದೆ, ಅದಕ್ಕೇ ಇಷ್ಟೊಂದು ಪ್ರಶ್ನೆ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಸರಿ, ಈ ಸಲ ಪೂರ್ತಿ ಅದೇ ವಿಷಯ. ಓಹಾಯೋಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಪಿಸ್ತೂಲು ಹೊಡೆಯೋದೂ, ಹಳೇದನ್ನ ಕೊಂಡು ಕೂಡಿಸಿಡೋದೂ ಎರಡೂ ಹುಚ್ಚು ಹತ್ತಿದೆ. ನಾನು ಬಂದೂಕು ರಿಪೇರಿ ಮಾಡೋ ಗನ್‌ಸ್ಮಿತ್ ಅಲ್ಲ, ವಕೀಲನಂತೂ ಅಲ್ಲವೇ ಅಲ್ಲ, ಅದು ನೆನಪಿರ್ಲಿ.

ಪ್ರಶ್ನೆ: ಸಾರ್, ಹದಿನಾಲ್ಕು ವರ್ಷ ಕಾದು ಕೊನೆಗೂ ಗ್ರೀನ್ ಕಾರ್ಡ್ ಬಂತು. ಮೊದಲ ಪಿಸ್ತೂಲು ತಗೊಳ್ಳೋಣ ಅಂತಿದೀನಿ. ಆಫೀಸಲ್ಲಿ ಎಲ್ರೂ 9 ಎಂಎಂ ತಗೋ, .22 ಮಕ್ಕಳಾಟ ಅಂತ ನಗ್ತಾರೆ. ಏನ್ ಮಾಡ್ಲಿ? (ಡಲ್ಲಾಸ್‌ನಿಂದ)

ಉತ್ತರ: ನಗೋರನ್ನ ಒಂದ್ಸಲ ರೇಂಜಿಗೆ ಕರ್ಕೊಂಡು ಹೋಗಿ, ಒಂದೇ ಕೈಯಲ್ಲಿ ಹಿಡಿದು 50 ಗಜದಲ್ಲಿ ಹತ್ತು ಗುಂಡು ಹೊಡೀರಪ್ಪಾ ಅಂತ ಹೇಳಿ, ಆಮೇಲೆ ಕಾಗದ ಹತ್ರ ತಂದು ತೋರ್ಸಿ, ನಗು ನಿಂತ್ಹೋಗುತ್ತೆ. ನಮ್ಮ ಓಹಾಯೋದಲ್ಲೇ ಈರಿ ಸರೋವರದ ದಡದಲ್ಲಿ ಕ್ಯಾಂಪ್ ಪೆರ್ರಿ ಅಂತ ಇದೆ, 1907ರಿಂದ ರಾಷ್ಟ್ರೀಯ ಪಂದ್ಯ ನಡೆಯೋ ಜಾಗ. ಅಲ್ಲಿ ಆಡೋ ಬುಲ್ಸ್‌ಐ ಪಂದ್ಯದಲ್ಲಿ ಒಟ್ಟು 2700 ಅಂಕ, ಅದ್ರಲ್ಲಿ 900 ಬರೀ .22ಕ್ಕೇ ಮೀಸಲು. 50 ಗಜದಲ್ಲಿ ನಿಧಾನ, ಆಮೇಲೆ 25 ಗಜದಲ್ಲಿ 20 ಸೆಕೆಂಡಿಗೆ ಐದು, ಕೊನೆಗೆ 10 ಸೆಕೆಂಡಿಗೆ ಐದು, ಎಲ್ಲಾ ಒಂದೇ ಕೈಯಲ್ಲಿ. ಮಕ್ಕಳಾಟ ಅಂತೆ!

ಸಂಗತಿ ಏನಂದ್ರೆ 9 ಎಂಎಂ ಒದೆಯೋ ಒದೆತದಲ್ಲಿ ನಮ್ಮ ತಪ್ಪು ಮುಚ್ಚಿಹೋಗುತ್ತೆ. .22 ಗುಂಡು ಸಾಮಾನ್ಯವಾಗಿ 40 ಗ್ರೇನ್, ಅಂದ್ರೆ ಎರಡೂವರೆ ಗ್ರಾಮಿಗಿಂತ ಒಂಚೂರು ಜಾಸ್ತಿ ಅಷ್ಟೇ, ಒದೆತನೇ ಇಲ್ಲ, ಹಾಗಾಗಿ ಗುಂಡು ಆಚೆ ಹೋಯ್ತು ಅಂದ್ರೆ ತಪ್ಪು ನಿಮ್ದೇ. ಒಂದು ಅಭ್ಯಾಸ ಮಾಡಿ ನೋಡಿ. .22 ರಿವಾಲ್ವರ್ ಸಿಕ್ರೆ ಗೆಳೆಯನ ಕೈಗೆ ಕೊಟ್ಟು ನಾಲ್ಕು ಜೀವಂತ ತೋಟಾ, ಎರಡು ಹೊಡೆದ ಖಾಲಿ ಚಿಪ್ಪು ಸೇರಿಸಿ ತುಂಬೋಕೆ ಹೇಳಿ, ಯಾವುದು ಎಲ್ಲಿದೆ ಅಂತ ನಿಮಗೆ ಗೊತ್ತಾಗ್ಬಾರ್ದು. ಹ್ಯಾಮರ್ ಖಾಲಿ ಚಿಪ್ಪಿನ ಮೇಲೆ ಬಿದ್ದಾಗ ಬರೀ 'ಟಕ್' ಅನ್ನುತ್ತೆ, ಆ ಕ್ಷಣ ನಳಿಗೆ ಕಡೆ ನೋಡಿ, ಊರ ದೇವರಿಗೆ ಕೈ ಮುಗಿದ ಹಾಗೆ ತಲೆ ತಗ್ಗಿಸಿರುತ್ತೆ. ಗುಂಡು ಹಾರುತ್ತೆ ಅನ್ನೋ ಹೆದರಿಕೇಲಿ ನಿಮ್ಮ ಮಣಿಕಟ್ಟು ಮೊದಲೇ ಕುಗ್ಗಿದೆ. ನನಗೆ ಈಗ್ಲೂ ಕೆಲವು ದಿನ ಹಾಗಾಗುತ್ತೆ.

ಯಾವುದು ಅಂತ ಕೇಳಿದ್ರಲ್ಲ, ಹೊಸದು ಬೇಕಂದ್ರೆ ರೂಗರ್ ಮಾರ್ಕ್ 4 ಇಲ್ಲಾ ಬ್ರೌನಿಂಗ್ ಬಕ್ ಮಾರ್ಕ್, ಎರಡರಲ್ಲಿ ಕೈಗೆ ಒಪ್ಪೋದು ತಗೊಳ್ಳಿ. ಬಕ್ ಮಾರ್ಕ್ ಟ್ರಿಗರ್ ಡಬ್ಬಿಯಿಂದ ತೆಗೆದ ಹಾಗೇ ಚೆನ್ನಾಗಿರುತ್ತೆ, ಮಾರ್ಕ್ 4 ಬಿಚ್ಚಿ ಒರೆಸೋಕೆ ಸುಲಭ. ಮಿಕ್ಕಿದ ದುಡ್ಡಲ್ಲಿ ತೋಟಾ ತಗೊಳ್ಳಿ.

ಪ್ರಶ್ನೆ: ನಾನು ಎಚ್-1ಬಿ ಮೇಲಿದೀನಿ, ಕೊಳ್ಳಲ್ಲ, ರೇಂಜಲ್ಲೇ ಬಾಡಿಗೆಗೆ ತಗೊಂಡು ಹೊಡೀಬಹುದಾ? (ನ್ಯೂಜೆರ್ಸಿ)

ಉತ್ತರ: ಬೇಡ ತಮ್ಮ. ಇಲ್ಲಿನ ಫೆಡರಲ್ ಕಾನೂನಲ್ಲಿ ತಾತ್ಕಾಲಿಕ ವೀಸಾದೋರು ಬಂದೂಕೂ ಇಟ್ಕೊಳ್ಳೋ ಹಾಗಿಲ್ಲ, ತೋಟಾನೂ ಇಟ್ಕೊಳ್ಳೋ ಹಾಗಿಲ್ಲ, ಬಾಡಿಗೇದು ಐದು ನಿಮಿಷ ಕೈಯಲ್ಲಿ ಹಿಡಿದ್ರೂ ಅದು ಇಟ್ಕೊಂಡ ಲೆಕ್ಕಕ್ಕೇ ಬರುತ್ತೆ. ವಿನಾಯಿತಿ ಇದೆ, ರಾಜ್ಯದ ಬೇಟೆ ಲೈಸೆನ್ಸ್ ಇದ್ದೋರಿಗೆ ಅವಕಾಶ ಉಂಟು, ಆದ್ರೆ ಅದನ್ನ ನನ್ನ ಕೇಳಿ ಅಲ್ಲ, ಇಮಿಗ್ರೇಷನ್ ವಕೀಲರನ್ನ ಕೇಳಿ ಮಾಡಿ. ರೇಂಜ್ ಕೌಂಟರಲ್ಲಿ ಕೂತ ಹುಡುಗನಿಗೆ ಇದು ಎಷ್ಟೋ ಸಲ ಗೊತ್ತೇ ಇರಲ್ಲ, ಅವನು ನಕ್ಕು ಪಿಸ್ತೂಲು ಕೊಟ್ಬಿಡ್ತಾನೆ, ಕೆಡೋದು ನಿಮ್ಮ ಫೈಲು.

ಪ್ರಶ್ನೆ: .22 ತೋಟಾನ ರಿಮ್‌ಫೈರ್ ಅಂತಾರಲ್ಲ, ಹಾಗಂದ್ರೇನು ಅಂತ ಅಡುಗೆಮನೆ ಭಾಷೇಲಿ ಹೇಳಿ. (ಧಾರವಾಡ)

ಉತ್ತರ: ಕರಿಗಡುಬಿನ ಅಂಚು ಮಡಚಿರ್ತೀವಲ್ಲ, ತೋಟಾ ತಳದಲ್ಲೂ ಅಂಥದೇ ಒಂದು ಮಡಿಕೆ, ಕಿಡಿ ಹೊತ್ತಿಸೋ ಮದ್ದು ಆ ಮಡಿಕೆ ಒಳಗೆ ಸುತ್ತಲೂ ಕೂತಿರುತ್ತೆ. ಪಿನ್ನು ಹೋಗಿ ಅಂಚನ್ನ ಜಜ್ಜಿದ್ರೆ ಢಂ. ದೊಡ್ಡ ತೋಟಾಗಳಲ್ಲಿ ಮದ್ದಿನ ಬಟ್ಟಲು ತಳದ ಮಧ್ಯ ಇರುತ್ತೆ, ಹೊಡೆದ ಚಿಪ್ಪಿಗೆ ಮತ್ತೆ ತುಂಬಬಹುದು, ಇದಕ್ಕೆ ಆಗಲ್ಲ. ಅಂಚಿನ ಒಂದು ಕಡೆ ಮದ್ದು ಸರಿಯಾಗಿ ಹರಡಿರಲ್ಲ ಅನ್ನೋದು ಇದರ ಹಳೇ ರೋಗ. ಢಂ ಅನ್ನದೆ ಟಕ್ ಅಂತು ಅಂದ್ರೆ ಅರ್ಧ ನಿಮಿಷ ನಳಿಗೆ ಗುರಿ ಕಡೆಗೇ ಹಿಡಿದು ಸುಮ್ನಿರಿ, ತಡವಾಗಿ ಸಿಡಿಯೋದೂ ಉಂಟು. .22 ಶಾರ್ಟ್ ಅನ್ನೋ ಗಿಡ್ಡ ತೋಟಾ 1857ರದ್ದು, ಸ್ಮಿತ್ ಅಂಡ್ ವೆಸನ್ನಿನ ಮೊದಲ ರಿವಾಲ್ವರ್ ಜೊತೆ ಬಂದಿದ್ದು. ಈಗ ಎಲ್ರೂ ಹೊಡೆಯೋ ಲಾಂಗ್ ರೈಫಲ್ ತೋಟಾ 1887ರದ್ದು. ಹೆಸರಲ್ಲಿ ರೈಫಲ್ ಇದ್ರೂ ಪಿಸ್ತೂಲಿಗೂ ಅದೇ.

ಪ್ರಶ್ನೆ: ನಿಮ್ಮ ಹತ್ರ ಇರೋದ್ರಲ್ಲಿ ಅಚ್ಚುಮೆಚ್ಚು ಯಾವುದು? ದುಬಾರಿದೇ ಇರ್ಬೇಕು. (ಟೊರಾಂಟೊ)

ಉತ್ತರ: ಅಲ್ಲ. ಬಣ್ಣ ಹೋದ, ಹಿಡಿ ಸವೆದ ರೂಗರ್ ಮಾರ್ಕ್ 2, ಸೆಕೆಂಡ್ ಹ್ಯಾಂಡ್. ಅದರ ವಂಶದ ಕತೆ ನನಗಿಷ್ಟ. ಬಿಲ್ ರೂಗರ್ ಅನ್ನೋನು ಯುದ್ಧ ಮುಗಿಸಿ ಬಂದ ಸೈನಿಕನೊಬ್ಬನ ಹತ್ರ ಜಪಾನಿನ ನಂಬು ಪಿಸ್ತೂಲು ಕೊಂಡು, ಗ್ಯಾರೇಜಲ್ಲಿ ಅದನ್ನ ನೋಡಿ ನೋಡಿ ಕಲಿತ. ಅಲೆಕ್ಸಾಂಡರ್ ಸ್ಟರ್ಮ್ 50,000 ಡಾಲರ್ ಹಾಕಿದ, ಇಬ್ಬರೂ ಸೇರಿ 1949ರಲ್ಲಿ ಕನೆಕ್ಟಿಕಟ್‌ನ ಸೌತ್‌ಪೋರ್ಟಲ್ಲಿ ಒಂದು .22 ಮಾಡಿ 37 ಡಾಲರ್ 50 ಸೆಂಟಿಗೆ ಮಾರಿದ್ರು. ಕೋಲ್ಟ್ ಕಂಪನಿಯೋರದ್ದು ಉಕ್ಕಿನ ಗಟ್ಟಿ ತೆಗೆದು ಕಡೆದು ಕಡೆದು ಮಾಡಿದ್ದು, ಇವರದ್ದು ತಗಡಿನ ಎರಡು ಹೋಳು ಒತ್ತಿ ತೆಗೆದು ಬೆಸೆದ ಹಿಡಿ, ಅದರ ಮೇಲೊಂದು ಕೊಳವೆ, ಅಷ್ಟೇ. ಅಗ್ಗಕ್ಕೆ ಮಾಡಿದ್ದೇ ಒಳ್ಳೇದಾಯ್ತು ಯಾಕಂದ್ರೆ ನಳಿಗೆ, ಗುರಿ ನೋಡೋ ಮುಂದಿನ ಸೈಟು, ಹಿಂದಿನ ಸೈಟು ಎಲ್ಲಾ ಆ ಕೊಳವೆಗೇ ಅಂಟ್ಕೊಂಡಿರೋದ್ರಿಂದ ಒಂದೂ ಅಲ್ಲಾಡಲ್ಲ, ಒಳಗೆ ಬೋಲ್ಟ್, ಅಂದ್ರೆ ತೋಟಾ ಹಿಂದೆ ನಿಂತು ಮುಚ್ಚೋ ಉಕ್ಕಿನ ತುಂಡು, ಅದು ಮಾತ್ರ ಹಿಂದೆ ಮುಂದೆ ಓಡಾಡುತ್ತೆ. 1951ರಲ್ಲಿ ಸ್ಟರ್ಮ್ ಚಿಕ್ಕ ವಯಸ್ಸಲ್ಲೇ ತೀರ್ಕೊಂಡ, ಆ ದುಃಖಕ್ಕೆ ಹಿಡಿ ಮೇಲಿನ ಹದ್ದಿನ ಬಿಲ್ಲೆ ಕೆಂಪಿಂದ ಕಪ್ಪಾಯ್ತು. ಅದಕ್ಕೇ ಮೊದಮೊದಲ ಕೆಂಪು ಹದ್ದಿನ ಪಿಸ್ತೂಲು ಸಿಕ್ರೆ ಕೂಡಿಸೋರು ಬಿಡಲ್ಲ.

ಮಾರ್ಕ್ 2 ಬಂದಿದ್ದು 1982ರಲ್ಲಿ. ಬಿಚ್ಚೋದು ಎರಡು ನಿಮಿಷ, ಜೋಡಿಸೋದು ಜನ್ಮಾಂತರದ ಕರ್ಮ. ಹ್ಯಾಮರಿಗೆ ಅಂಟಿ ಒಂದು ಸಣ್ಣ ಕಡ್ಡಿ ಜೋಲಾಡ್ತಿರುತ್ತೆ, ಹಿಡಿ ಹಿಂದಿನ ಪಟ್ಟಿ ಮುಚ್ಚೋವಾಗ ಪಿಸ್ತೂಲನ್ನ ಓರೆ ಮಾಡಿ ಆ ಕಡ್ಡಿ ತುದಿ ಸ್ಪ್ರಿಂಗಿನ ತಲೆ ಮೇಲೇ ಬಂದು ಕೂರೋ ಹಾಗೆ ನೋಡ್ಕೋಬೇಕು, ಒಂದು ಎಳ್ಳಷ್ಟು ಆಚೀಚೆ ಆದ್ರೂ ಪಟ್ಟಿ ಮುಚ್ಚುತ್ತೆ ಆದ್ರೆ ಪಿಸ್ತೂಲು ಸತ್ತಿರುತ್ತೆ, ಬೋಲ್ಟ್ ಹಿಂದಕ್ಕೇ ಬರಲ್ಲ. ಮೊದಲ ಸಲ ರಾತ್ರಿ ಊಟ ಆದ್ಮೇಲೆ ಡೈನಿಂಗ್ ಟೇಬಲ್ ಮೇಲೆ ಪೇಪರ್ ಹಾಸಿ ಕೂತೋನು ಹನ್ನೊಂದೂವರೆ ಆದ್ರೂ ಎದ್ದಿರ್ಲಿಲ್ಲ, ಮನೆಯವಳು ಬಂದು ನೋಡಿ 'ಮಿಕ್ಸಿ ರಿಪೇರಿಗೆ ಮಾತ್ರ ಟೈಮ್ ಇಲ್ಲ' ಅಂದು ದೀಪ ಆರಿಸಿ ಹೋದ್ಲು. ಕೊನೆಗೆ ಜೋಡಿಸಿಕೊಟ್ಟಿದ್ದು ಬೆಳಿಗ್ಗೆ ನನ್ನ ಮಗಳು, ಕಾಲೇಜಿಗೆ ಹೊರಡೋ ಗಡಿಬಿಡೀಲಿ ನಿಂತ್ಕೊಂಡೇ. ಈ ಬೈಗುಳ ಕೇಳಿ ಕೇಳಿ ಸಾಕಾಗಿಯೋ ಏನೋ, ಕಂಪನಿ 2016ರ ಮಾರ್ಕ್ 4ರಲ್ಲಿ ಒಂದು ಗುಂಡಿ ಒತ್ತಿದ್ರೆ ಬಿಚ್ಚೋ ಹಾಗೆ ಮಾಡ್ತು.

ಪ್ರಶ್ನೆ: ಗನ್ ಶೋದಲ್ಲಿ (ಬಂದೂಕು ಮಾರೋ ಸಂತೇಲಿ) ಕೋಲ್ಟ್ ವುಡ್ಸ್‌ಮನ್ ಅನ್ನೋ ಹಳೇ .22 ಪಿಸ್ತೂಲು ಒಂದು ನೋಡಿದೆ, ಹೊಸದರ ಹಾಗೆ ಫಳಫಳ ಹೊಳೀತಿದೆ. ತಗೊಳ್ಳಲಾ? (ಪಿಟ್ಸ್‌ಬರ್ಗ್)

ಉತ್ತರ: ಹೊಳೆಯೋದೇ ಅನುಮಾನ. ನಾನೂ ಹಾಗೇ ಹೊಳೆಯೋದು ಕಂಡು ಮರುಳಾಗಿ 1930ರ ದಶಕದ್ದೊಂದು ತಂದಿದ್ದೆ, ವ್ಯಾಪಾರಿ 'ಅಜ್ಜನ ಕಪಾಟಲ್ಲೇ ಇತ್ತು, ಮುಟ್ಟೇ ಇಲ್ಲ' ಅಂದ, ಅವನಿಗೆ ಎಷ್ಟು ಜನ ಅಜ್ಜಂದಿರೋ. ಮನೆಗೆ ಬಂದು ಟೇಬಲ್ ಲ್ಯಾಂಪ್ ಕೆಳಗೆ ಓರೆಯಾಗಿ ಹಿಡಿದು ನೋಡ್ದೆ: ಒತ್ತಿದ ಅಕ್ಷರಗಳ ಅಂಚು ಬಾಯಲ್ಲಿಟ್ಟ ಕಲ್ಲುಸಕ್ಕರೆ ಥರ ಕರಗಿದೆ, ಎರಡು ಕಾಲ ಮೇಲೆ ನಿಂತ ಕುದುರೆ ಮುದ್ರೆಗೆ ಮುಖಾನೇ ಇಲ್ಲ, ಸ್ಕ್ರೂ ತೂತಿನ ಸುತ್ತ ತಟ್ಟೆ ಥರ ತಗ್ಗಾಗಿದೆ. ಅಂದ್ರೆ ಯಾರೋ ಚಕ್ರಕ್ಕೆ ಹಿಡಿದು ಉಜ್ಜಿ ಮತ್ತೆ ನೀಲಿ ಬಣ್ಣ ಹಾಕ್ಸಿದಾರೆ. ಕೂಡಿಸೋರ ಕಣ್ಣಲ್ಲಿ ಅದರ ಬೆಲೆ ಅರ್ಧಕ್ಕೂ ಕೆಳಗೆ. ಸವೆದು ಬೂದಿ ಬಣ್ಣಕ್ಕೆ ತಿರುಗಿದ್ದಾದ್ರೂ ಪರ್ವಾಗಿಲ್ಲ, ಮೂಲ ಬಣ್ಣದ್ದು ಇರ್ಲಿ. ಜೊತೆಗೆ ಹಳೇ ಡಬ್ಬ, ಕೈಪಿಡಿ ಇದ್ರೆ ಇನ್ನೂ ನೂರಾರು ಡಾಲರ್ ಜಾಸ್ತಿ ಕೊಡಿ, ನಷ್ಟ ಇಲ್ಲ.

ಇನ್ನೊಂದು ಮುಖ್ಯ ವಿಷಯ. ಇದು ಜಾನ್ ಬ್ರೌನಿಂಗ್ ಡಿಸೈನು, 1915ರಿಂದ 1977ರವರೆಗೆ ಮಾಡಿದ್ರು, ವುಡ್ಸ್‌ಮನ್ ಅನ್ನೋ ಹೆಸರು ಬಂದಿದ್ದು 1927ರಲ್ಲಿ. ಶುರುವಿನವು ಮೆತ್ತಗಿನ ತೋಟಾಕ್ಕೆ ಮಾಡಿದ್ದು, 1932ರ ಸುಮಾರಿಗೆ ಜೋರಿನ ಹೈ ಸ್ಪೀಡ್ ತೋಟಾ ತಡೆಯೋ ಹಾಗೆ ಬದಲಾಯಿಸಿದ್ರು. ಹಿಡಿ ಹಿಂಭಾಗ, ಹೆಬ್ಬೆರಳ ಬುಡ ಒತ್ತೋ ಜಾಗ ನೋಡಿ. ಅಲ್ಲಿ ಚೌಕುಳಿ ಚೌಕುಳಿ ಗೀರಿದ್ರೆ ಹಳೇದು, ಅಡ್ಡಡ್ಡ ಗೆರೆ ಇದ್ರೆ ಹೈ ಸ್ಪೀಡಿಂದು. ಚೌಕುಳಿದಕ್ಕೆ ಸ್ಟ್ಯಾಂಡರ್ಡ್ ವೆಲಾಸಿಟಿ, ಅಂದ್ರೆ ಆ ಮೆತ್ತಗಿನ ತೋಟಾ, ಬಿಟ್ಟು ಬೇರೆ ಹಾಕ್ಬೇಡಿ, ನೂರು ವರ್ಷದ ಮುದುಕನ್ನ ಕಂಬಳಕ್ಕೆ ಇಳಿಸಿದ ಹಾಗಾಗುತ್ತೆ.

ಕೂಡಿಸೋ ಆಸೆ ನಿಜವಾಗ್ಲೂ ಇದ್ರೆ ಇಲ್ಲಿ ಬಂದೂಕು ಕಾನೂನು ನೋಡ್ಕೊಳ್ಳೋ ಫೆಡರಲ್ ಇಲಾಖೆ ಎಟಿಎಫ್‌ನೋರ ಕ್ಯೂರಿಯೋ ಅಂಡ್ ರೆಲಿಕ್ ಲೈಸೆನ್ಸ್ (ಹಳೇ ಬಂದೂಕು ಕೂಡಿಸೋರಿಗಿರೋದು) ಮಾಡಿಸ್ಕೊಳ್ಳಿ, ಮೂರು ವರ್ಷಕ್ಕೆ 30 ಡಾಲರ್, 50 ವರ್ಷ ದಾಟಿದವು ಬೇರೆ ರಾಜ್ಯದಿಂದಾನೂ ನೇರ ಮನೆಗೇ ತರಿಸ್ಕೋಬಹುದು, ನಿಮ್ಮ ರಾಜ್ಯದ ಕಾನೂನು ಒಪ್ಪಿದ್ರೆ. ಬಂದಿದ್ದು ಹೋಗಿದ್ದು ಎಲ್ಲಾ ಒಂದು ಪುಸ್ತಕದಲ್ಲಿ ಬರೆದಿಡ್ಲೇಬೇಕು.

ಪ್ರಶ್ನೆ: ಹೈ ಸ್ಟ್ಯಾಂಡರ್ಡ್ ಕಂಪನಿಯ ವಿಕ್ಟರ್ ಅನ್ನೋ ಹಳೇ .22 ಪಿಸ್ತೂಲು ತಗೊಂಡೆ, ಮೂರಕ್ಕೊಂದು ಗುಂಡು ಸಿಕ್ಕಾಕ್ಕೊಳ್ಳುತ್ತೆ. ಮೋಸ ಹೋದ್ನಾ? (ಕೊಲಂಬಸ್)

ಉತ್ತರ: ಪಿಸ್ತೂಲನ್ನ ಬೈಬೇಡಿ, ಹಿಡಿ ಒಳಗೆ ತೋಟಾ ತುಂಬಿಡೋ ಮ್ಯಾಗಜೀನ್ ನೋಡಿ. ಹೈ ಸ್ಟ್ಯಾಂಡರ್ಡಲ್ಲಿ ಎರಡು ಥರ ಹಿಡಿ, ಓರೆ ಹಿಡಿ ಒಂದು, ಮಿಲಿಟರಿ ಹಿಡಿ ಇನ್ನೊಂದು, ಒಂದರ ಮ್ಯಾಗಜೀನ್ ಇನ್ನೊಂದಕ್ಕೆ ಆಗಲ್ಲ. ಸರಿಯಾದದ್ದೇ ಆದ್ರೂ ಅದರ ತುಟಿ, ಅಂದ್ರೆ ತೋಟಾ ತಡೆದು ನಿಲ್ಲಿಸೋ ಮೇಲಿನ ಅಂಚು, ಒಂದು ಕೂದಲೆಳೆ ಅಗಲ ಆದ್ರೂ ಸಾಕು, ತೋಟಾ ಮೂತಿ ಎಲ್ಲೋ ನೋಡುತ್ತೆ. ಹಳೇ ಕೈ ಒಂದನ್ನ ಹಿಡಿದು ಸರಿ ಮಾಡಿಸಿ, ನೀವೇ ಪಕ್ಕಡ್ ಹಿಡ್ಕೊಂಡು ಕೂರಬೇಡಿ. ತೋಟಾ ಸ್ಟ್ಯಾಂಡರ್ಡ್ ವೆಲಾಸಿಟಿನೇ ಹಾಕಿ, ಜೋರಿಂದು ಹಾಕಿ ಫ್ರೇಮ್ ಬಿರುಕು ಬಿಟ್ಟ ಕೇಸ್ ಇವೆ, ಮೂಲ ಕಂಪನಿ 1984ಕ್ಕೇ ಮುಚ್ಚಿಹೋಯ್ತು, ಯಾರನ್ನ ಕೇಳ್ತೀರ. ಇದು ಸರಿಯಾಗಿ ನಡೆಯೋಕೆ ಶುರುವಾದ್ಮೇಲೆ ನೀವು ಮಾರಲ್ಲ ಬಿಡಿ. 1960ರ ರೋಮ್ ಒಲಿಂಪಿಕ್ಸಲ್ಲಿ ವಿಲಿಯಂ ಮೆಕ್‌ಮಿಲನ್ ರ‍್ಯಾಪಿಡ್ ಫೈರಲ್ಲಿ ಚಿನ್ನ ಗೆದ್ದಿದ್ದು ಈ ಕಂಪನಿ ಪಿಸ್ತೂಲಲ್ಲೇ.

ಪ್ರಶ್ನೆ: ಮನೇಲಿ ಗುಂಡಿಲ್ದೆ ಖಾಲಿ ಹೊಡೆದು ಅಭ್ಯಾಸ ಮಾಡಿದ್ರೆ ಪಿಸ್ತೂಲು ಹಾಳಾಗುತ್ತಾ?

ಉತ್ತರ: ಹಳೇ .22 ಆದ್ರೆ ಹೌದು. ತೋಟಾ ಅಂಚು ಇರ್ಬೇಕಾದ ಜಾಗದಲ್ಲಿ ಏನೂ ಇಲ್ದೆ ಪಿನ್ನು ಹೋಗಿ ನಳಿಗೆಯ ಹಿಂದಿನ ಬಾಯಿಗೇ ಕುಟ್ಟಿ ಗುಳಿ ಮಾಡುತ್ತೆ. ಹಾರ್ಡ್‌ವೇರ್ ಅಂಗಡೀಲಿ ಗೋಡೆಗೆ ಸ್ಕ್ರೂ ಹಾಕೋ ಹಳದಿ ಪ್ಲಾಸ್ಟಿಕ್ ಬೆಣೆ ಸಿಗುತ್ತಲ್ಲ, ಸರಿಯಾದ ಸೈಜಿಂದು ತಂದು ತೋಟಾ ಜಾಗಕ್ಕೆ ಹಾಕಿ, ಇಲ್ಲಿ ಎಲ್ರೂ ಮಾಡೋದು ಅದೇ. ತೋಟಾ ಡಬ್ಬ ಮಾತ್ರ ಬೇರೆ ರೂಮಲ್ಲಿ ಬೀಗ ಹಾಕಿಟ್ಟು ಬಂದು ಕೂರಿ.

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಡಿಗ್ರಿ ಓದ್ತಿದೀನಿ. ನಮ್ಮ ದೇಶದಲ್ಲಿ .22 ಪಿಸ್ತೂಲು ಹೊಡೆಯೋಕೆ ದಾರಿ ಇದ್ಯಾ?

ಉತ್ತರ: ಇದೆ, ಆದ್ರೆ ಅಂಗಡೀಲಿ ಶುರುವಾಗಲ್ಲ, ರೈಫಲ್ ಕ್ಲಬ್ಬಲ್ಲಿ ಶುರುವಾಗುತ್ತೆ. ಮೊದಲು 10 ಮೀಟರಿನ ಏರ್ ಪಿಸ್ತೂಲು, 4.5 ಮಿ.ಮೀ ಗುಳಿಗೆಯದ್ದು. ಅದರಲ್ಲಿ ಅಂಕ ಏರಿದ್ಮೇಲೆ 25 ಮೀಟರ್, ಅಲ್ಲಿ .22. ಸ್ವಂತಕ್ಕೆ ಬೇಕಂದ್ರೆ ಆರ್ಮ್ಸ್ ಲೈಸೆನ್ಸ್ ಬೇಕೇ ಬೇಕು, 2019ರ ತಿದ್ದುಪಡಿ ಆದ್ಮೇಲೆ ಸಾಮಾನ್ಯರಿಗೆ ಮೂರಲ್ಲ, ಎರಡೇ ಬಂದೂಕು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತಿದ್ದೋರು, ವಾಪಸ್ ಬಂದು ಪಿಸ್ತೂಲು ಹಿಡಿದು 2016ರ ರಿಯೋ ಒಲಿಂಪಿಕ್ಸಲ್ಲಿ 50 ಮೀಟರ್ ಪಿಸ್ತೂಲ್ ಆಡಿದ್ರು. ಅದೂ .22 ಆಟಾನೇ, ದುರದೃಷ್ಟಕ್ಕೆ ರಿಯೋ ಆದ್ಮೇಲೆ ಒಲಿಂಪಿಕ್ಸಿಂದ ಅದನ್ನ ಕಿತ್ತುಹಾಕಿದ್ರು, ನನಗೆ ಇವತ್ತಿಗೂ ಹೊಟ್ಟೆ ಉರಿ. 2012ರ ಲಂಡನ್ನಲ್ಲಿ ವಿಜಯ್ ಕುಮಾರ್ ಬೆಳ್ಳಿ ತಂದಿದ್ದು 25 ಮೀಟರ್ ರ‍್ಯಾಪಿಡ್ ಫೈರಲ್ಲಿ, ಅದೂ .22. ಯಾರಾದ್ರೂ ಮಕ್ಕಳಾಟ ಅಂದ್ರೆ ಆ ಹೆಸರು ಹೇಳಿ.

ಪ್ರಶ್ನೆ: ಇನ್ನೆರಡು ವರ್ಷಕ್ಕೆ ರಿಟೈರ್ ಆಗಿ ಮೈಸೂರಿಗೆ ಹೊರಡ್ತೀವಿ. ಒಂಬತ್ತು ಪಿಸ್ತೂಲಿದೆ, ಏನ್ ಮಾಡೋದು? (ಸಿನ್ಸಿನಾಟಿ)

ಉತ್ತರ: ಕಂಟೇನರಿಗೆ ಹಾಕೋ ಯೋಚನೆ ಮಾತ್ರ ಬಿಟ್ಬಿಡಿ, ಲೈಸೆನ್ಸ್ ಇಲ್ದೆ ಬಂದಿದ್ದನ್ನ ಕಸ್ಟಮ್ಸ್‌ನೋರು ಕಂಡ್ರೆ ನಿವೃತ್ತಿ ಜೀವನ ಕೋರ್ಟಲ್ಲೇ. ಈಗ್ಲೇ ಕೂತು ಒಂದೊಂದಕ್ಕೂ ಫೋಟೋ, ಸೀರಿಯಲ್ ನಂಬರು, ಯಾವಾಗ ಎಷ್ಟಕ್ಕೆ ಕೊಂಡಿದ್ದು ಅಂತ ಬರೆದು ಒಂದು ಲಕೋಟೇಲಿ ಹಾಕಿಡಿ, ಎಷ್ಟೋ ಮನೇಲಿ ಯಜಮಾನ ಹೋದ್ಮೇಲೆ ಹೆಂಡತಿ ಮಕ್ಕಳಿಗೆ ಬೆಲೆ ಗೊತ್ತಾಗದೆ ಸಾವಿರ ಡಾಲರಿನದನ್ನ ಇನ್ನೂರಕ್ಕೆ ಕೊಟ್ಟಿದ್ದು ನೋಡಿದೀನಿ. ಆಮೇಲೆ ಡೀಲರ್ ಮೂಲಕ ಕಾಗದ ಪತ್ರ ಮಾಡಿ ಮಾರಿ, ಇಲ್ಲಾ ಇಲ್ಲೇ ಇರೋ ಮಕ್ಕಳಿಗೆ ಕೊಡಿ. ನನ್ನ ಲಕೋಟೆ ಆಗ್ಲೇ ರೆಡಿ ಇದೆ. ಮಿಕ್ಕಿದ್ದೆಲ್ಲಾ ಮಾರಾಟಕ್ಕೆ, ಮಾರ್ಕ್ 2 ಮಾತ್ರ ಮಗಳಿಗೆ ಅಂತ ಬರೆದಿದೀನಿ. ಅವಳಿಗೆ ಆ ಕಡ್ಡಿ ಮೊದಲನೇ ಸಲಕ್ಕೇ ಕೂರುತ್ತೆ, ನನಗೆ ಈಗ್ಲೂ ಮೂರು ಸಲ ಬೇಕು.