ಡಿಸೆಂಬರ್ ಕೊನೆಯ ವಾರದಲ್ಲಿ ಐಸ್‌ಲ್ಯಾಂಡಿಗೆ ಮೊದಲ ಪ್ರವಾಸ

ಡಿಸೆಂಬರ್ ಕೊನೆಯ ಒಂದು ವಾರದಲ್ಲಿ ಬಾಡಿಗೆ ಕಾರಿನಲ್ಲಿ ಐಸ್‌ಲ್ಯಾಂಡನ್ನು ಪೂರ್ತಿ ಸುತ್ತಿ ಬರಬಹುದೇ ಎಂದು ಕೇಳಿದ್ದೀರಿ. ಮೊದಲ ಭೇಟಿಗೆ ಅದು ಬೇಡವೆಂದೇ ನಾನು ಹೇಳುತ್ತೇನೆ.

ದ್ವೀಪವನ್ನು ಬಳಸಿ ಸಾಗುವ 1ನೇ ಸಂಖ್ಯೆಯ ಹೆದ್ದಾರಿ ಸುಮಾರು 1,330 ಕಿಲೋಮೀಟರ್ ಉದ್ದವಿದೆ. ಬೇಸಿಗೆಯಲ್ಲಾದರೆ ಒಂದು ವಾರದಲ್ಲಿ ಮುಗಿಸಬಹುದಾದ ದಾರಿ ಅದು. ಆದರೆ ಡಿಸೆಂಬರ್ ಕೊನೆಗೆ ರಾಜಧಾನಿ ರೇಕ್ಯಾವಿಕ್‌ನಲ್ಲಿ ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ ಹುಟ್ಟುವ ಸೂರ್ಯ ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಮುಳುಗುತ್ತಾನೆ. ಉಳಿದ ದಾರಿಯನ್ನೆಲ್ಲ ಮಂಜುಗಟ್ಟಿದ ರಸ್ತೆಯ ಮೇಲೆ, ಕತ್ತಲಲ್ಲಿ ಸವೆಸಬೇಕು. ಚಳಿಗಿಂತ ಗಾಳಿಯೇ ಅಲ್ಲಿ ಹೆಚ್ಚು ತೊಂದರೆ ಕೊಡುತ್ತದೆ. ಬಿರುಗಾಳಿ ಬಂದಾಗ ಹೆದ್ದಾರಿಯನ್ನೇ ಮುಚ್ಚುತ್ತಾರೆ. ಪ್ರತಿ ರಾತ್ರಿಗೂ ಬೇರೆ ಊರಿನಲ್ಲಿ ಕೋಣೆ ಕಾದಿರಿಸಿದವರಿಗೆ ಒಂದು ದಿನ ರಸ್ತೆ ಮುಚ್ಚಿದರೂ ಮುಂದಿನ ಏರ್ಪಾಡುಗಳೆಲ್ಲ ಕೆಡುತ್ತವೆ, ಮರಳುವ ವಿಮಾನವೂ ತಪ್ಪಬಹುದು.

ಆದ್ದರಿಂದ ರೇಕ್ಯಾವಿಕ್‌ನಲ್ಲಿಯೇ ಬಿಡಾರ ಹೂಡಿ, ನಡುವೆ ಎರಡು ರಾತ್ರಿ ಮಾತ್ರ ದಕ್ಷಿಣ ಕರಾವಳಿಯ ವೀಕ್ ಊರಿನಲ್ಲಿ ತಂಗುವುದು ಒಳ್ಳೆಯದು. ಥಿಂಗ್ವೆಲ್ಲಿರ್ ರಾಷ್ಟ್ರೀಯ ಉದ್ಯಾನ, ಗೇಸಿರ್ ಬಿಸಿನೀರಿನ ಬುಗ್ಗೆಗಳು, ಗುಲ್‌ಫಾಸ್ ಜಲಪಾತ ಈ ಮೂರನ್ನೂ ಪ್ರವಾಸಿ ಬಸ್ಸಿನಲ್ಲಿ ಒಂದೇ ದಿನ ನೋಡಿ ಬರಬಹುದು. ಹಿಮದಲ್ಲಿ ಕಾರು ಓಡಿಸಿ ರೂಢಿಯಿಲ್ಲದಿದ್ದರೆ ವೀಕ್‌ಗೂ ಬಸ್ಸನ್ನೇ ಆರಿಸಿಕೊಳ್ಳಿ. ಸೆಲ್ಯಾಲಾಂಡ್ಸ್‌ಫಾಸ್ ಮತ್ತು ಸ್ಕೋಗಾಫಾಸ್ ಜಲಪಾತಗಳು ಆ ದಾರಿಯಲ್ಲೇ ಸಿಗುತ್ತವೆ. ಯಾವ ದಿನ ಎಲ್ಲಿಗೆ ಎಂಬುದನ್ನು ಈಗಲೇ ಗಟ್ಟಿ ಮಾಡದೆ, ಶುಲ್ಕವಿಲ್ಲದೆ ರದ್ದುಪಡಿಸಬಹುದಾದ ಟಿಕೆಟ್‌ಗಳನ್ನು ಕೊಂಡು, ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಹಿಂದಿನ ಸಂಜೆ ನೋಡಿ ನಿರ್ಧರಿಸಿ. ಕೊನೆಯ ರಾತ್ರಿ ಮಾತ್ರ ರೇಕ್ಯಾವಿಕ್‌ನಲ್ಲೇ ಇರಲಿ, ಏಕೆಂದರೆ ಕೆಫ್ಲಾವಿಕ್ ವಿಮಾನ ನಿಲ್ದಾಣ ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ.

ವೀಕ್ ಬಳಿಯ ರೇನಿಸ್‌ಫ್ಯಾರಾ ಎಂಬ ಕಪ್ಪು ಮರಳಿನ ತೀರಕ್ಕೆ ಹೋದರೆ ದಯವಿಟ್ಟು ನೀರಿನಿಂದ ಬಹಳ ದೂರ ನಿಲ್ಲಿ. ಶಾಂತವಾಗಿ ಕಾಣುವ ಸಮುದ್ರದಿಂದ ಹಠಾತ್ತನೆ ನುಗ್ಗುವ ದೊಡ್ಡ ಅಲೆಗಳು ಅಲ್ಲಿ ಪ್ರವಾಸಿಗರ ಜೀವ ತೆಗೆದಿವೆ.

ಕ್ರಿಸ್‌ಮಸ್ ರಜೆಯನ್ನು ಬಹಳ ಜನ ಮರೆಯುತ್ತಾರೆ. 24ರ ಮಧ್ಯಾಹ್ನದಿಂದ 25ರವರೆಗೆ ಹೆಚ್ಚಿನ ಅಂಗಡಿಗಳೂ ಅನೇಕ ಊಟದ ಹೋಟೆಲುಗಳೂ ಮುಚ್ಚಿರುವುದರಿಂದ 23ರಂದೇ ದಿನಸಿ ಕೊಂಡಿಟ್ಟುಕೊಳ್ಳಿ. ನಲ್ಲಿಯ ತಣ್ಣೀರು ಕುಡಿಯಲು ಯೋಗ್ಯವಾಗಿದೆ. ಬಾಟಲಿ ನೀರಿಗೆ ಹಣ ಸುರಿಯಬೇಕಿಲ್ಲ. ಉಣ್ಣೆಯ ಒಳಉಡುಪು, ಗಾಳಿ ಮತ್ತು ನೀರು ತಡೆಯುವ ಮೇಲಂಗಿ, ಬೂಟಿನ ಅಡಿಗೆ ಕಟ್ಟಿಕೊಳ್ಳುವ ಮುಳ್ಳುಪಟ್ಟಿ ನಿಮ್ಮೊಂದಿಗಿರಲಿ. ಐಸ್‌ಲ್ಯಾಂಡೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಶೆಂಗೆನ್ ವೀಸಾ ಬೇಕಾದವರು ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯನ್ನು ಅರ್ಜಿಯ ಜೊತೆಗೇ ತೋರಿಸಬೇಕಾಗುತ್ತದೆ.